ಹಳೇ ಸಿಮೆಂಟ್ ಕಾರ್ಖಾನೆ ಆಧುನೀಕರಣ: ಅಹವಾಲು ಸಭೆಯಲ್ಲಿ ಏನು ಕೇಳಬೇಕು?

ಬೇವಿನ ಕಟ್ಟೆ

ನಮ್ಮದು ಕಲಬುರಗಿ ಜಿಲ್ಲೆ. ಊರ ಪಕ್ಕದಲ್ಲೇ ಎಂಬತ್ತರ ದಶಕದ ಒಂದು ಸಿಮೆಂಟ್ ಕಾರ್ಖಾನೆ ಇದೆ. ಹೆಸರು ಬೇಡ, ಇಲ್ಲಿ ಅದು ಮುಖ್ಯ ಅಲ್ಲ. ಈಗ ಅವರು "ಆಧುನೀಕರಣ ಮತ್ತು ಸಾಮರ್ಥ್ಯ ವಿಸ್ತರಣೆ" ಅಂತ ಅರ್ಜಿ ಹಾಕಿದ್ದಾರೆ. ಸಾರ್ವಜನಿಕ ಅಹವಾಲು ಸಭೆಗೆ ನೋಟಿಸ್ ಬಂದಿದೆ.

ಯೋಜನಾ ವರದಿಯ ಕನ್ನಡದ ಸಾರಾಂಶ ಓದಿದೆ. ಪ್ರಿಕ್ಯಾಲ್ಸಿನರ್, ಹೊಸ ಕೂಲರ್, ಇಎಸ್‌ಪಿ (ವಿದ್ಯುತ್ತಿನಿಂದ ಧೂಳು ಹಿಡಿಯುವ ಯಂತ್ರ) ಬದಲು ಬ್ಯಾಗ್ ಫಿಲ್ಟರ್, ಬಾಲ್ ಮಿಲ್ ಬದಲು ವರ್ಟಿಕಲ್ ಮಿಲ್, ಬಿಸಿ ಗಾಳಿಯಿಂದ ಕರೆಂಟು. ಕಲ್ಲಿದ್ದಲು ಕಮ್ಮಿ, ಧೂಳು ಕಮ್ಮಿ ಅಂತ ಬರೆದಿದ್ದಾರೆ. ಉತ್ಪಾದನೆ ಮಾತ್ರ ಹೆಚ್ಚು ಕಡಿಮೆ ಎರಡು ಪಟ್ಟು ಆಗುತ್ತದೆ.

ಊರಲ್ಲಿ ಎರಡು ಗುಂಪಾಗಿದೆ. ಹಿರಿಯರು ಬೇಡವೇ ಬೇಡ ಅನ್ನುತ್ತಾರೆ. ಹುಡುಗರು ಕೆಲಸ ಬರುತ್ತೆ, ಬಿಡಿ ಅನ್ನುತ್ತಾರೆ. ನನಗೆ ಬೇಕಾಗಿರುವುದು ಇಷ್ಟೇ. ಇವೆಲ್ಲ ಹಾಕಿದರೆ ಧೂಳು ನಿಜವಾಗಿ ಇಳಿಯುತ್ತಾ? ಬರವಣಿಗೆಯಲ್ಲಿ ಏನು ಪಡೆಯಬೇಕು? ತಿಳಿದವರು ಹೇಳಿ.

ತೊಗರಿ ಹೊಲ

ಇಳಿಯಲ್ಲ. ನಮ್ಮ ಕಡೆ ಕಾರ್ಖಾನೆಯವರೂ ಹೀಗೇ ಹೇಳಿದ್ದರು.

ಕಿಲ್ನ್ ಲೆಕ್ಕ

ಅಷ್ಟು ಬೇಗ ತೀರ್ಪು ಬೇಡ ಅಣ್ಣಾ. ನಾನು ಸಿಮೆಂಟ್ ಪ್ರಾಸೆಸ್ ಇಂಜಿನಿಯರ್, ಬೇರೆ ರಾಜ್ಯದಲ್ಲಿದ್ದೇನೆ. ಸಾರಾಂಶದಲ್ಲಿ ಇರುವ ಪಟ್ಟಿ ಸುಳ್ಳಲ್ಲ. ಒಂದೊಂದಾಗಿ ಹೇಳುತ್ತೇನೆ.

ಸುಣ್ಣದ ಕಲ್ಲು ಕಾದಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಬಿಟ್ಟು ಸುಣ್ಣ ಉಳಿಯುತ್ತದೆ. ಆ ಸುಣ್ಣ, ಮಣ್ಣಿನ ಸಿಲಿಕಾ, ಅಲ್ಯುಮಿನಾ, ಕಬ್ಬಿಣ ಸೇರಿ ಸುಮಾರು 1450 ಡಿಗ್ರಿಯಲ್ಲಿ ಕ್ಲಿಂಕರ್ (ಪುಡಿ ಮಾಡಿದರೆ ಸಿಮೆಂಟ್ ಆಗುವ ಗಟ್ಟಿ ಉಂಡೆಗಳು) ಆಗುತ್ತದೆ. ಇದು ನಡೆಯುವುದು ಕಿಲ್ನ್‌ನಲ್ಲಿ, ಅಂದರೆ ತಿರುಗುವ ಕೊಳವೆಯಂಥ ಕುಲುಮೆಯಲ್ಲಿ. ಹಳೇ ಕಿಲ್ನ್‌ನಲ್ಲಿ ಕಲ್ಲಿನಿಂದ ಇಂಗಾಲದ ಡೈಆಕ್ಸೈಡ್ ಬಿಡಿಸುವ ಕೆಲಸದ ದೊಡ್ಡ ಪಾಲು ಕಿಲ್ನ್ ಒಳಗೇ ನಡೆಯುತ್ತದೆ. ಪ್ರಿಕ್ಯಾಲ್ಸಿನರ್ ಹಾಕಿದರೆ 90 ಶೇಕಡಾ ಕೆಲಸ ಕಿಲ್ನ್‌ಗೆ ಬರುವ ಮುಂಚೆ ಪ್ರಿಹೀಟರ್ ಗೋಪುರದಲ್ಲೇ (ಕಲ್ಲಿನ ಪುಡಿಯನ್ನು ಮೊದಲೇ ಕಾಯಿಸುವ ಜಾಗ) ಮುಗಿಯುತ್ತದೆ. ಅದಕ್ಕೇ ಅದೇ ಕೊಳವೆಯಲ್ಲಿ ಎರಡು ಪಟ್ಟು ಮಾಲು ಬರುತ್ತದೆ. ಎಂಬತ್ತರ ದಶಕದ 4 ಹಂತದ ಪ್ರಿಹೀಟರ್ ಕಿಲ್ನ್‌ಗೆ ಕೆಜಿ ಕ್ಲಿಂಕರ್‌ಗೆ 800–850 ಕಿಲೋಕ್ಯಾಲರಿ ಬೇಕಾದರೆ, 6 ಹಂತದ ಹೊಸದಕ್ಕೆ 700ರ ಆಸುಪಾಸು ಸಾಕು. ಇನ್ನೂ ಹಳೆಯ ವೆಟ್ ಪ್ರಾಸೆಸ್ (ಕಲ್ಲಿನ ಪುಡಿಯನ್ನು ನೀರಲ್ಲಿ ಕಲಸಿ ಸುಡುವುದು) ಇದ್ದಿದ್ದರೆ 1300ರ ಮೇಲೆ, ಯಾಕೆಂದರೆ ರಾಡಿಯಲ್ಲಿನ ನೀರು ಆರಿಸಲಿಕ್ಕೇ ಕಲ್ಲಿದ್ದಲಿನ ದೊಡ್ಡ ಪಾಲು ಹೋಗುತ್ತಿತ್ತು.

ಮಿಲ್ ವಿಷಯ: ಬಾಲ್ ಮಿಲ್‌ನಲ್ಲಿ ಉಕ್ಕಿನ ಗುಂಡುಗಳು ಬಿದ್ದು ಬಿದ್ದು ಪುಡಿ ಮಾಡುತ್ತವೆ. ಕರೆಂಟಿನ ಬಹುಪಾಲು ಸದ್ದು ಮತ್ತು ಬಿಸಿಯಾಗಿ ಹೋಗುತ್ತದೆ. ವರ್ಟಿಕಲ್ ಮಿಲ್‌ನಲ್ಲಿ ರೋಲರ್ ಮೇಲಿಂದ ಒತ್ತುತ್ತದೆ. ಮೂರನೇ ಒಂದು ಭಾಗದಷ್ಟು ಕರೆಂಟು ಉಳಿಯುತ್ತದೆ.

ಈಗ ಇರುವ, ಕ್ಲಿಂಕರ್ ತಣಿಸುವ ಕೂಲರ್ ಯಾವ ಥರದ್ದು ಗೊತ್ತಾ?

ಬೇವಿನ ಕಟ್ಟೆ

ಕಿಲ್ನ್ ಬಾಯಿ ಸುತ್ತ ಉದ್ದುದ್ದ ಕೊಳವೆಗಳು ಕಟ್ಟಿವೆ, ಅದರ ಜೊತೆಗೇ ತಿರುಗುತ್ತವೆ. ರಾತ್ರಿ ಗಡಗಡ ಅನ್ನುವುದು ಅದೇ ಅಂತ ಹೇಳುತ್ತಾರೆ.

ಕಿಲ್ನ್ ಲೆಕ್ಕ

ಅದು ಪ್ಲಾನೆಟರಿ ಕೂಲರ್. ಅದನ್ನು ತೆಗೆಯಲೇಬೇಕು. ಪ್ರಿಕ್ಯಾಲ್ಸಿನರ್‌ಗೆ ಪ್ರತ್ಯೇಕ ಬಿಸಿ ಗಾಳಿ ಬೇಕು, ಆ ಕೊಳವೆಗಳಿಂದ ಅದನ್ನು ಸುಲಭವಾಗಿ ಕೊಡಲು ಆಗುವುದಿಲ್ಲ. ಗ್ರೇಟ್ ಕೂಲರ್ (ಜಾಲರಿ ಮೇಲೆ ಹರಡಿ ಗಾಳಿ ಊದಿ ತಣಿಸುವಂಥದ್ದು) ಬಂದರೆ ಆ ಗಡಗಡ ಹೋಗುತ್ತದೆ, ಅದು ಖಂಡಿತ.

ಪಕ್ಕಾ ಲೆಕ್ಕ

ಇಂಜಿನಿಯರ್ ಸಾಹೇಬರು ಹೇಳಿದ್ದೆಲ್ಲ ಒಂದು ಟನ್‌ಗೆ ಎಷ್ಟು ಅನ್ನುವ ಲೆಕ್ಕ. ಊರಿನವರಿಗೆ ಬೇಕಾಗಿರುವುದು ಒಟ್ಟು ಲೆಕ್ಕ. ಒಂದು ಉದಾಹರಣೆ ತಗೊಳ್ಳಿ. ದಿನಕ್ಕೆ 1000 ಟನ್ ಮಾಡುವ ಕಿಲ್ನ್, ಕೆಜಿಗೆ 850 ಕಿಲೋಕ್ಯಾಲರಿ. ಆಧುನೀಕರಣ ಆದಮೇಲೆ ದಿನಕ್ಕೆ 2000 ಟನ್, ಕೆಜಿಗೆ 720. ಟನ್‌ಗೆ ಉರಿಯುವುದು 15 ಶೇಕಡಾ ಕಮ್ಮಿ ಆಯಿತು. ಒಟ್ಟು ಉರಿಯುವುದು ಮಾತ್ರ 69 ಶೇಕಡಾ ಜಾಸ್ತಿ! ಲಾರಿ ಎರಡು ಪಟ್ಟು. ಕ್ವಾರಿ ಸ್ಫೋಟವೂ ಅದೇ ಲೆಕ್ಕದಲ್ಲಿ ಏರುತ್ತದೆ. ಸಾರಾಂಶದಲ್ಲಿ ಈ ಒಟ್ಟು ಲೆಕ್ಕ ಇದೆಯಾ ನೋಡಿ.

ತೊಗರಿ ಹೊಲ

ಇದೇ ನಾನು ಹೇಳಿದ್ದು.

ಕಿಲ್ನ್ ಲೆಕ್ಕ

ಉರಿಯುವ ಇಂಧನ, ಅದರಿಂದ ಬರುವ ಇಂಗಾಲದ ವಿಷಯದಲ್ಲಿ ನಿಮ್ಮ ಲೆಕ್ಕ ಸರಿ. ಧೂಳಿನ ವಿಷಯದಲ್ಲಿ ಅಲ್ಲ. 2014ರ ಕೇಂದ್ರದ ಮಾನದಂಡದಲ್ಲಿ ಚಿಮಣಿ ಧೂಳಿಗೆ ಮಿತಿ ಘನ ಮೀಟರ್‌ಗೆ 30 ಮಿಲಿಗ್ರಾಂ. ಒಂದು ಟನ್ ಕ್ಲಿಂಕರ್‌ಗೆ ಸುಮಾರು 2000 ಘನ ಮೀಟರ್ ಅನಿಲ ಅಂತ ಇಟ್ಟುಕೊಳ್ಳಿ. ಅಂದರೆ ಟನ್‌ಗೆ 60 ಗ್ರಾಂ ಧೂಳು. ಹಳೇ ಇಎಸ್‌ಪಿ 100–150 ಮಿಲಿಗ್ರಾಂ ಬಿಡುತ್ತಿದ್ದರೆ ಟನ್‌ಗೆ 200–300 ಗ್ರಾಂ. ಉತ್ಪಾದನೆ ಎರಡು ಪಟ್ಟು ಆದರೂ ಒಟ್ಟು ಧೂಳು ಅರ್ಧಕ್ಕೆ ಇಳಿಯುತ್ತದೆ. ಚೆನ್ನಾಗಿ ನಡೆಯುವ ಬ್ಯಾಗ್ ಫಿಲ್ಟರ್ 30 ಅಲ್ಲ, 10ಕ್ಕೂ ಇಳಿಯುತ್ತದೆ.

ಪಕ್ಕಾ ಲೆಕ್ಕ

"ಚೆನ್ನಾಗಿ ನಡೆಯುವ". ಆ ಎರಡು ಪದದ ಮೇಲೇ ಎಲ್ಲ ನಿಂತಿದೆ ಅಲ್ವಾ.

ಬರ್ನರ್ ಪ್ಲಾಟ್‌ಫಾರ್ಮ್

ನಾನು ಕಿಲ್ನ್ ಬರ್ನರ್ (ಕಿಲ್ನ್ ಬೆಂಕಿ ನೋಡಿಕೊಳ್ಳುವವ) ಆಗಿ ನಿವೃತ್ತಿ ಆದವನು. ನಮ್ಮ ಕಾಲದಲ್ಲಿ ಕಂಪ್ಯೂಟರ್ ರೂಮು ಇರಲಿಲ್ಲ. ಕಿಲ್ನ್ ಮುಂದೆ ಕಬ್ಬಿಣದ ಕಟ್ಟೆ ಮೇಲೆ ನಿಂತು, ನೀಲಿ ಕೋಬಾಲ್ಟ್ ಗಾಜು ಕಣ್ಣಿಗೆ ಹಿಡಿದು ಒಳಗೆ ನೋಡುತ್ತಿದ್ದೆವು. ಜ್ವಾಲೆ ಎಷ್ಟು ಉದ್ದ ಇದೆ, ಮಾಲು ಗೋಡೆ ಮೇಲೆ ಎಲ್ಲಿವರೆಗೆ ಹತ್ತಿ ಬೀಳುತ್ತಿದೆ ಅನ್ನುವುದರಲ್ಲೇ ಗೊತ್ತಾಗುತ್ತಿತ್ತು. ಗಂಟೆಗೊಮ್ಮೆ ಕ್ಲಿಂಕರ್ ಜರಡಿ ಹಿಡಿದು ಒಂದು ಲೀಟರ್ ಡಬ್ಬಿಗೆ ತುಂಬಿ ತೂಗಬೇಕು. 1200 ಗ್ರಾಂ ಮೇಲೆ ಬಂದರೆ ಸರಿಯಾಗಿ ಸುಟ್ಟಿದೆ. ಕಮ್ಮಿ ಬಂದರೆ ಹಸಿ.

ನಾನು ಹೇಳುವುದು ಒಂದೇ. ಕಿಲ್ನ್ ನಿಂತು ನಿಂತು ನಡೆದರೆ ಯಾವ ಆಧುನೀಕರಣವೂ ಫಲ ಕೊಡುವುದಿಲ್ಲ. ಒಂದು ಸಲ ನಿಂತರೆ ಇಟ್ಟಿಗೆ ತಣ್ಣಗಾಗಿ ಬಿರುಕು ಬಿಡುತ್ತದೆ, ಮೇಲಿನ ಕೋಟಿಂಗ್ ಉದುರುತ್ತದೆ. ಮತ್ತೆ ಕಾಯಿಸಲು ಒಂದು ದಿನದ ಮೇಲೆ ಬೇಕು. ಅಷ್ಟು ಹೊತ್ತು ಇಂಧನ ಉರಿಯುತ್ತದೆ, ಕ್ಲಿಂಕರ್ ಒಂದು ಹಿಡಿಯೂ ಬರುವುದಿಲ್ಲ. ಊರಿಗೆ ಹೊಗೆ ಜಾಸ್ತಿ ಬರುವುದೂ ಆಗಲೇ. ಸಭೆಯಲ್ಲಿ ಕೇಳಿ: ಹೋದ ವರ್ಷ ಕಿಲ್ನ್ ಎಷ್ಟು ಸಲ ನಿಂತಿತು? ಪ್ರತಿ ಸಲ ಕಾರಣ ಏನು? ಯಾವ ಕಾರ್ಖಾನೆಯಲ್ಲೂ ಅದಕ್ಕೆ ರಿಜಿಸ್ಟರ್ ಇದ್ದೇ ಇರುತ್ತದೆ.

ಬೇವಿನ ಕಟ್ಟೆ

ಇದನ್ನು ಬರೆದುಕೊಂಡೆ, ಧನ್ಯವಾದ ಅಜ್ಜಾ. ಇನ್ನೊಂದು. ರಾತ್ರಿ ಹೊತ್ತು ಇಎಸ್‌ಪಿ ಬಂದ್ ಮಾಡುತ್ತಾರೆ, ಕರೆಂಟು ಉಳಿಸುತ್ತಾರೆ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಬೆಳಿಗ್ಗೆ ಎದ್ದರೆ ತಗಡಿನ ಮೇಲೆ ಬೂದಿ ಬಣ್ಣ. ನಿಜವಾ?

ಕಿಲ್ನ್ ಲೆಕ್ಕ

ಎಲ್ಲ ಕಡೆ ಕೇಳುವ ಮಾತು ಇದು. ನಿಮ್ಮೂರಲ್ಲಿ ಏನು ನಡೆಯುತ್ತದೋ ನಾನು ಹೇಳಲಾರೆ. ಆದರೆ ಯಾರೂ ಬಂದ್ ಮಾಡದೆಯೂ ಧೂಳು ಜಾಸ್ತಿ ಬರುವ ಕಾರಣಗಳಿವೆ.

ಒಂದು, ಕಿಲ್ನ್‌ನಲ್ಲಿ ಇಂಧನ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಏರಿದರೆ ಇಎಸ್‌ಪಿ ತಾನೇ ಟ್ರಿಪ್ ಆಗುತ್ತದೆ. ಒಳಗೆ ಕಿಡಿ ಹಾರುವ ಯಂತ್ರ ಅದು, ಆ ಅನಿಲ ಸಿಡಿಯಬಹುದು. ಆ ಕೆಲವು ನಿಮಿಷ ಧೂಳು ನೇರ ಆಕಾಶಕ್ಕೆ. ಎರಡು, ಕಿಲ್ನ್ ಅನಿಲ ಸಾಮಾನ್ಯವಾಗಿ ರಾ ಮಿಲ್ (ಕಲ್ಲನ್ನು ಪುಡಿ ಮಾಡುವ ಮಿಲ್) ಮೂಲಕ ಹೋಗುತ್ತದೆ, ಅಲ್ಲಿ ಕಲ್ಲಿನ ತೇವ ಹೀರಿ ತಣ್ಣಗಾಗುತ್ತದೆ. ರಾ ಮಿಲ್ ನಿಂತಾಗ ಬಿಸಿ, ಒಣ ಅನಿಲ ನೇರ ಇಎಸ್‌ಪಿಗೆ ಬರುತ್ತದೆ. ಒಣ ಧೂಳು ವಿದ್ಯುತ್ತಿಗೆ ಸರಿಯಾಗಿ ಅಂಟುವುದಿಲ್ಲ. ಅದಕ್ಕಾಗಿ ನೀರು ಸಿಂಪಡಿಸುವ ಗೋಪುರ ಇರುತ್ತದೆ. ಬೇಸಿಗೆಯಲ್ಲಿ ನೀರು ಕಮ್ಮಿ ಆದರೆ, ನಾಜಲ್ ಕಟ್ಟಿದರೆ, ಮುಗೀತು.

ಮೂರು, ಚಳಿಗಾಲದ ರಾತ್ರಿ ತಣ್ಣನೆ ಗಾಳಿ ನೆಲಕ್ಕೆ ಕೂತುಬಿಡುತ್ತದೆ. ಹಗಲಲ್ಲಿ ಚದುರಿ ಹೋಗುವ ಧೂಳೇ ರಾತ್ರಿ ಊರ ಮೇಲೆ ಇಳಿಯುತ್ತದೆ.

ಬ್ಯಾಗ್ ಫಿಲ್ಟರ್‌ನಲ್ಲಿ ಮೊದಲಿನ ಎರಡೂ ತಾಪತ್ರಯ ಬಹುಮಟ್ಟಿಗೆ ಇಲ್ಲ. ಬಟ್ಟೆ ಚೀಲದಲ್ಲಿ ಗಾಳಿ ಸೋಸುತ್ತದೆ, ಅಷ್ಟೇ. ಆದರೆ ಚೀಲ ಹರಿಯುತ್ತದೆ, ಕೆಲವು ವರ್ಷಕ್ಕೊಮ್ಮೆ ಪೂರ್ತಿ ಸೆಟ್ ಬದಲಿಸಬೇಕು, ಅದು ಕೋಟಿಗಳ ಮಾತು. ಅಲ್ಲೇ ಜನ ಮುಂದೂಡುವುದು. "ಬದಲಿ ಚೀಲಗಳ ದಾಸ್ತಾನು ಇರುತ್ತದಾ, ಎಷ್ಟು ವರ್ಷಕ್ಕೆ ಬದಲಿಸುತ್ತೀರಿ" ಅಂತ ಕೇಳಿ ದಾಖಲಿಸಿ.

ತೊಗರಿ ಹೊಲ

ವಿವರಣೆ ಚೆನ್ನಾಗಿದೆ. ಈಗ ಹೊಲದ ಮಾತು ಕೇಳಿ. ತೊಗರಿ ಹೂವು ಬಿಡುವ ಹೊತ್ತಿಗೇ ಮಂಜು ಶುರು. ಎಲೆ ಮೇಲೆ ಧೂಳು, ಧೂಳಿನ ಮೇಲೆ ಇಬ್ಬನಿ. ಬಿಸಿಲು ಏರುವಷ್ಟರಲ್ಲಿ ಪದರ ಗಟ್ಟಿ ಆಗಿರುತ್ತದೆ. ಉಗುರಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅದರ ಕೆಳಗೆ ಎಲೆ ಹಳದಿ. ಮಳೆ ಬಂದರೂ ಹೋಗುವುದಿಲ್ಲ. ಹೂವು ಉದುರುತ್ತದೆ. ಕೃಷಿ ಇಲಾಖೆಯವರು ಬಂದರೆ ಹುಳ, ರೋಗ ನೋಡಿ ಹೋಗುತ್ತಾರೆ. ಕಲಬುರಗಿ ತೊಗರಿಗೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ ಅಂತ ಹೆಮ್ಮೆ ಪಡುತ್ತೇವೆ. ಕಾರ್ಖಾನೆ ಪಕ್ಕದ ಹೊಲದ ತೊಗರಿಗೆ ಯಾರು ಗ್ಯಾರಂಟಿ?

ಎಂಎಸ್ಸಿ ಪರಿಸರ

@ತೊಗರಿ ಹೊಲ ಹೇಳಿದ್ದು ನೂರಕ್ಕೆ ನೂರು ನಿಜ. ಸಿಮೆಂಟ್ ಧೂಳು ಕ್ಷಾರ. ನಮ್ಮ ಎರೆ ಮಣ್ಣು ಮೊದಲೇ ಕ್ಷಾರದ ಕಡೆಗಿದೆ. ಎಲೆಯ ಉಸಿರು ರಂಧ್ರ ಮುಚ್ಚುತ್ತದೆ, ಬೆಳಕು ಕಮ್ಮಿ ಸಿಗುತ್ತದೆ.

ಕೇಳಬೇಕಾದ್ದು: ಧೂಳು ಅಳೆಯುವ ಯಂತ್ರ ಎಲ್ಲಿ ಇಡುತ್ತೀರಿ? ಕಾರ್ಖಾನೆ ಗೇಟಿನ ಒಳಗೆ ಹುಲ್ಲುಹಾಸಿನ ಪಕ್ಕ ಇಟ್ಟರೆ ಏನು ಬಂತು? ಗಾಳಿ ಬೀಸುವ ದಿಕ್ಕಿನ ಊರಲ್ಲಿ, ಶಾಲೆ ಮಾಳಿಗೆ ಮೇಲೆ ಇಡಬೇಕು. ಹೊಲದಲ್ಲಿ ಧೂಳು ಬೀಳುವ ಜಾಡಿ ಇಟ್ಟು ತಿಂಗಳಿಗೊಮ್ಮೆ ತೂಗಬೇಕು. ಅದು ದುಬಾರಿ ಅಲ್ಲವೇ ಅಲ್ಲ. ಕೆಲಸ ಶುರು ಆಗುವ ಮುಂಚಿನ ಒಂದು ವರ್ಷದ ಅಳತೆಯೂ ಬೇಕು. ಇಲ್ಲದಿದ್ದರೆ ಆಮೇಲೆ ಕಮ್ಮಿ ಆಯಿತೋ ಜಾಸ್ತಿ ಆಯಿತೋ ಯಾವುದಕ್ಕೆ ಹೋಲಿಸುತ್ತೀರಿ?

ಹತ್ತು ಗಾಲಿ

ಲಾರಿ ಓಡಿಸುವವನು ನಾನು. ಚಿಮಣಿ ಚಿಮಣಿ ಅಂತ ಎಲ್ಲರೂ ಮೇಲೆ ನೋಡುತ್ತೀರಿ. ಧೂಳು ಇರುವುದು ಕೆಳಗೆ. ಕ್ಲಿಂಕರ್ ಬಯಲಲ್ಲಿ ರಾಶಿ ಹಾಕಿರುತ್ತಾರೆ, ಲೋಡರ್ ಒಂದು ಸಲ ಎತ್ತಿ ಸುರಿದರೆ ಮುಂದಿನ ಗಾಡಿ ಕಾಣುವುದಿಲ್ಲ. ಬೆಲ್ಟ್‌ನಿಂದ ಬೆಲ್ಟ್‌ಗೆ ಬೀಳುವ ಜಾಗ, ಪ್ಯಾಕಿಂಗ್ ಶೆಡ್ಡು, ಗೇಟಿನಿಂದ ಹೈವೇ ತನಕ ಕಚ್ಚಾ ರಸ್ತೆ. ಲೋಡು ಸಿಗುವ ತನಕ ರಸ್ತೆ ಬದಿಯಲ್ಲೇ ಗಾಡಿ ನಿಲ್ಲಿಸಬೇಕು, ಊಟ ನಿದ್ದೆ ಎಲ್ಲ ಆ ಧೂಳಲ್ಲೇ. ಉತ್ಪಾದನೆ ಎರಡು ಪಟ್ಟು ಅಂದರೆ ನಮ್ಮಂಥ ಗಾಡಿಗಳೂ ಎರಡು ಪಟ್ಟು. ಪಾರ್ಕಿಂಗ್ ಯಾರ್ಡು, ಕಾಂಕ್ರೀಟ್ ರಸ್ತೆ, ಗಾಲಿ ತೊಳೆಯುವ ವ್ಯವಸ್ಥೆ, ಚಾಲಕರಿಗೆ ಶೌಚಾಲಯ. ಇಷ್ಟು ಕೇಳಿ ದಯವಿಟ್ಟು.

ಕಿಲ್ನ್ ಲೆಕ್ಕ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಮುಚ್ಚಿದ ಕ್ಲಿಂಕರ್ ಶೆಡ್ ಅಥವಾ ಸೈಲೋ ಇಲ್ಲದೆ ಆಧುನೀಕರಣ ಅನ್ನುವುದಕ್ಕೆ ಅರ್ಥ ಇಲ್ಲ. ರೈಲ್ವೆ ಸೈಡಿಂಗ್ ಇದ್ದರೆ ಲಾರಿ ಕಮ್ಮಿ ಆಗುತ್ತವೆ.

ಶಹಾಬಾದ್ ಪರಸಿ

ರಸ್ತೆಗೆ ಡಿಎಂಎಫ್ ದುಡ್ಡು ಇದೆಯಲ್ಲ. ಸುಣ್ಣದ ಕಲ್ಲಿನ ರಾಯಲ್ಟಿ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಪಾಲು ಕಟ್ಟಬೇಕು. 2015ಕ್ಕೆ ಮುಂಚಿನ ಗುತ್ತಿಗೆಗೆ ರಾಯಲ್ಟಿಯ 30 ಶೇಕಡಾ, ಹರಾಜಿನಲ್ಲಿ ಪಡೆದ ಗುತ್ತಿಗೆಗೆ 10 ಶೇಕಡಾ. ಆ ದುಡ್ಡು ಗಣಿ ಬಾಧಿತ ಊರಿಗೇ ಬರಬೇಕು. ನಿಮ್ಮೂರು ಆ ಪಟ್ಟಿಯಲ್ಲಿದೆಯಾ ಮೊದಲು ನೋಡಿ.

ಇನ್ನೊಂದು ಮಾತು ಹಿರಿಯರಿಗೆ. ಬೇಡವೇ ಬೇಡ ಅನ್ನುವುದು ಸುಲಭ. ಆಧುನೀಕರಣ ಆಗದ ಕಾರ್ಖಾನೆ ಕೊನೆಗೆ ಏನಾಗುತ್ತದೆ ಅಂತ ನಮ್ಮ ಜಿಲ್ಲೆಯಲ್ಲೇ ನೋಡಿದ್ದೇವೆ. ಶಹಾಬಾದ್ ಸಿಮೆಂಟ್ ನಿಜಾಮರ ಕಾಲದ್ದು. 1936ರಲ್ಲಿ ಹತ್ತು ಕಂಪನಿ ಸೇರಿ ಎಸಿಸಿ ಆದಾಗ ಅದರಲ್ಲಿ ಇದೂ ಒಂದು. ಸೈರನ್ ಕೇಳಿ ಊರಿಗೆ ಊರೇ ಗಡಿಯಾರ ಸರಿ ಮಾಡಿಕೊಳ್ಳುತ್ತಿತ್ತು. ಈಗ ಎಲ್ಲಿದೆ? ಕುರಕುಂಟದ ಸರ್ಕಾರಿ ಸಿಸಿಐ (ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾ) ಕಾರ್ಖಾನೆ ನಿಂತು ಕಾಲು ಶತಮಾನ ದಾಟಿತು. ಕ್ವಾರ್ಟರ್ಸ್‌ಗಳ ಬಾಗಿಲು ಕಿಟಕಿ ಕೂಡ ಉಳಿದಿಲ್ಲ. ಧೂಳು ನಿಂತಿತು, ನಿಜ. ಅದರ ಜೊತೆಗೆ ಸಂತೆ, ಶಾಲೆ, ಆಸ್ಪತ್ರೆ ಎಲ್ಲವೂ ಸೊರಗಿದವು.

ತೊಗರಿ ಹೊಲ

ಕೆಲಸ ಯಾರಿಗೆ ಸಿಗುತ್ತೆ ಹೇಳಿ? ಹೊಸ ಪ್ಲಾಂಟ್ ಪೂರ್ತಿ ಕಂಪ್ಯೂಟರ್. ಪರ್ಮನೆಂಟ್ ಹುದ್ದೆ ಬೆರಳೆಣಿಕೆ, ಉಳಿದದ್ದು ಗುತ್ತಿಗೆ. ಜಮೀನು ಕೊಟ್ಟವರ ಮಕ್ಕಳು ಗೇಟ್ ಹತ್ತಿರ ಚೀಲ ಹೊರುತ್ತಾರೆ.

ಬರ್ನರ್ ಪ್ಲಾಟ್‌ಫಾರ್ಮ್

ಅದು ನಿಜ. ಮೊದಲು ಒಂದು ಶಿಫ್ಟ್‌ಗೆ ಇದ್ದ ಜನದಲ್ಲಿ ಈಗ ಕಾಲು ಭಾಗ ಸಾಕು. ಆದರೆ ವರ್ಟಿಕಲ್ ಮಿಲ್, ಪಿಎಲ್‌ಸಿ (ಯಂತ್ರ ನಡೆಸುವ ಕಂಪ್ಯೂಟರ್), ಇನ್‌ಸ್ಟ್ರುಮೆಂಟ್ ಕೆಲಸಕ್ಕೆ ಜನ ಬೇಕು. ಯಂತ್ರ ಕೂರಿಸುವ ಎರಡು ಮೂರು ವರ್ಷದಲ್ಲೇ ಊರಿನ ಐಟಿಐ ಹುಡುಗರಿಗೆ ತರಬೇತಿ ಕೊಡಿ ಅಂತ ಷರತ್ತು ಹಾಕಬೇಕು. ಆಮೇಲೆ ಕೇಳಿದರೆ "ಅನುಭವ ಇಲ್ಲ" ಅನ್ನುತ್ತಾರೆ.

ಸಿಲಿಕಾನ್ ಸಿಟಿ

ಬೆಂಗಳೂರಿನಿಂದ ಒಂದು ಪ್ರಶ್ನೆ. ನಮ್ಮ ಒಣ ಕಸ, ಮರುಬಳಕೆ ಆಗದ ಪ್ಲಾಸ್ಟಿಕ್ ಎಲ್ಲ ಸಿಮೆಂಟ್ ಕಿಲ್ನ್‌ನಲ್ಲಿ ಸುಡಬಹುದಲ್ಲ? ಕಲ್ಲಿದ್ದಲೂ ಉಳಿಯುತ್ತೆ, ಕಸವೂ ಹೋಗುತ್ತೆ.

ತೊಗರಿ ಹೊಲ

ನಿಮ್ಮ ಕಸ ನಮ್ಮ ಊರಿಗೆ ಯಾಕೆ?

ರೈನ್ ದಂಡೆ

ಜರ್ಮನಿಯಲ್ಲಿ ಇದೇ ಕ್ಷೇತ್ರದಲ್ಲಿದ್ದೇನೆ, ಊರು ಬಾಗಲಕೋಟೆ ಕಡೆ. ಇಲ್ಲಿ ಸಿಮೆಂಟ್ ಕಿಲ್ನ್‌ಗಳ ಇಂಧನದಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಕಸದ್ದೇ: ಹಳೇ ಟೈರು, ವಿಂಗಡಿಸಿದ ಪ್ಲಾಸ್ಟಿಕ್, ಒಣಗಿಸಿದ ಚರಂಡಿ ಕೆಸರು. ಭಾರತದ ಸರಾಸರಿ ಅದಕ್ಕೆ ಹೋಲಿಸಿದರೆ ತೀರ ಕಮ್ಮಿ. ತಾಂತ್ರಿಕವಾಗಿ ಕಿಲ್ನ್ ಇದಕ್ಕೆ ಒಳ್ಳೇ ಜಾಗ. ಜ್ವಾಲೆ 2000 ಡಿಗ್ರಿ ಸುಮಾರು, ಅನಿಲ ಒಳಗೆ ಸಾಕಷ್ಟು ಹೊತ್ತು ಇರುತ್ತದೆ, ಬೂದಿ ಕ್ಲಿಂಕರ್‌ಗೇ ಸೇರುತ್ತದೆ.

ಆದರೆ ತೊಗರಿ ಹೊಲ ಅವರ ಸಿಟ್ಟಿಗೆ ಕಾರಣ ಇದೆ. ಹಸಿ ಕಸ, ಉಪ್ಪು ಬೆರೆತ ಕಸ, ಪಿವಿಸಿ ಬಂದರೆ ಕ್ಲೋರಿನ್ ಬರುತ್ತದೆ. ಅದು ಪ್ರಿಹೀಟರ್ ಗೋಡೆಗೆ ಅಂಟಿ ಕಟ್ಟಿಕೊಳ್ಳುತ್ತದೆ, ಕಿಲ್ನ್ ನಿಲ್ಲುತ್ತದೆ. ಅಜ್ಜ ಹೇಳಿದ ತಾಪತ್ರಯ ಶುರು. ಇಲ್ಲಿ ಕಸ ವಿಂಗಡಿಸಿ, ಒಣಗಿಸಿ, ಕತ್ತರಿಸಿ, ಪ್ರತಿ ಲೋಡಿನ ಕ್ಲೋರಿನ್ ಅಳೆದು ಒಳಗೆ ಬಿಡುತ್ತಾರೆ. ಭಾರತದಲ್ಲೂ 2016ರ ನಿಯಮದಲ್ಲಿ ಕಸ ಸುಡುವ ಕಿಲ್ನ್‌ಗೆ ಡಯಾಕ್ಸಿನ್ ಎಂಬ ವಿಷದ ಮಿತಿ ಘನ ಮೀಟರ್‌ಗೆ 0.1 ನ್ಯಾನೋಗ್ರಾಂ, ಪಾದರಸಕ್ಕೂ ಮಿತಿ ಇದೆ. ಆ ಅಳತೆಯ ವರದಿ ಊರಿಗೆ ಸಿಗುತ್ತದಾ ಅನ್ನುವುದೇ ಪ್ರಶ್ನೆ.

@ಸಿಲಿಕಾನ್ ಸಿಟಿ, ನೀವು ಮನೆಯಲ್ಲಿ ಹಸಿ ಕಸ ಒಣ ಕಸ ಬೇರೆ ಮಾಡಿ ಕೊಡದಿದ್ದರೆ ಅದರ ಬೆಲೆ ಕಲಬುರಗಿಯ ಊರು ತೆರುತ್ತದೆ. ಇದು ಬೈಗುಳ ಅಲ್ಲ, ನೇರ ಸಂಬಂಧ.

ಸಿಲಿಕಾನ್ ಸಿಟಿ

ಒಪ್ಪಿದೆ. ನಮ್ಮ ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಇದನ್ನೇ ಹಾಕುತ್ತೇನೆ.

ಪಕ್ಕಾ ಲೆಕ್ಕ

ಇಂಗಾಲದ ಮಾತು ಅರ್ಧಕ್ಕೇ ನಿಂತಿತು. ಕಲ್ಲಿದ್ದಲು ಪೂರ್ತಿ ಬಿಟ್ಟರೂ ಒಂದು ಟನ್ ಕ್ಲಿಂಕರ್‌ಗೆ ಅರ್ಧ ಟನ್‌ಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಕಲ್ಲಿನಿಂದಲೇ ಬರುತ್ತದೆ. ಸಿಮೆಂಟ್ ಉದ್ಯಮದ ಹೊರಸೂಸುವಿಕೆಯಲ್ಲಿ ಸುಮಾರು 60 ಶೇಕಡಾ ಅದೇ. ಹಾಗಿರುವಾಗ ಕಿಲ್ನ್ ಎಷ್ಟು ಸುಧಾರಿಸಿದರೂ ಉಳಿದ 40ರೊಳಗೇ ಆಟ.

ರೈನ್ ದಂಡೆ

ಸರಿ. ನಾರ್ವೆಯ ಬ್ರೆವಿಕ್‌ನಲ್ಲಿ ಹೈಡಲ್‌ಬರ್ಗ್ ಸಿಮೆಂಟ್ ಕಂಪನಿಯವರು ಹಳೇ ಕಾರ್ಖಾನೆಗೇ ಇಂಗಾಲ ಹಿಡಿಯುವ ಘಟಕ ಸೇರಿಸಿದ್ದಾರೆ. 2025ರಲ್ಲಿ ಉದ್ಘಾಟನೆ ಆಯಿತು. ವರ್ಷಕ್ಕೆ 4 ಲಕ್ಷ ಟನ್ ಹಿಡಿದು ಸಮುದ್ರದ ಅಡಿಗೆ ಕಳಿಸುವ ಯೋಜನೆ, ಅಂದರೆ ಆ ಕಾರ್ಖಾನೆ ಬಿಡುವುದರ ಅರ್ಧ. ಸರ್ಕಾರದ ದೊಡ್ಡ ನೆರವು ಇದೆ.

ಕಿಲ್ನ್ ಲೆಕ್ಕ

ಆ ಖರ್ಚು ನಮ್ಮಲ್ಲಿ ಸದ್ಯಕ್ಕೆ ಆಗದ ಮಾತು. ಆಗುವುದು ಕ್ಲಿಂಕರ್ ಕಮ್ಮಿ ಮಾಡುವುದು. ಪಿಪಿಸಿ ಅನ್ನುವ ಬೂದಿ ಸಿಮೆಂಟ್‌ನಲ್ಲಿ 15–35 ಶೇಕಡಾ ಹಾರುಬೂದಿ ಬೆರೆಸಬಹುದು, ರಾಯಚೂರು ಶಾಖೋತ್ಪನ್ನ ಕೇಂದ್ರ ಪಕ್ಕದಲ್ಲೇ ಇದೆ. ಸ್ಲ್ಯಾಗ್ ಸಿಮೆಂಟ್‌ನಲ್ಲಿ 70 ಶೇಕಡಾ ತನಕ ಕಬ್ಬಿಣದ ಕುಲುಮೆಯ ಸ್ಲ್ಯಾಗ್ ಬೆರೆಸಬಹುದು, ಅದು ಬಳ್ಳಾರಿ ತೋರಣಗಲ್ಲಿನಿಂದ ಬರುತ್ತದೆ. ಸುಟ್ಟ ಜೇಡಿ ಮತ್ತು ಸುಣ್ಣದ ಕಲ್ಲು ಬೆರೆಸುವ ಎಲ್‌ಸಿ3 ಸಿಮೆಂಟ್‌ಗೆ 2023ರಲ್ಲಿ ಭಾರತೀಯ ಮಾನಕವೂ ಬಂದಿದೆ. ಜೇಡಿಯನ್ನು 700–800 ಡಿಗ್ರಿಗೆ ಸುಟ್ಟರೆ ಸಾಕು. ಹಾಗಾಗಿ ಕೇಳಿ: ಎರಡು ಪಟ್ಟು ಅನ್ನುವುದು ಕ್ಲಿಂಕರ್ ಎರಡು ಪಟ್ಟಾ, ಸಿಮೆಂಟ್ ಎರಡು ಪಟ್ಟಾ? ಎರಡಕ್ಕೂ ಅಜಗಜಾಂತರ.

ಪಕ್ಕಾ ಲೆಕ್ಕ

ಈ ಥ್ರೆಡ್‌ನ ಅತಿ ಮುಖ್ಯ ಪ್ರಶ್ನೆ ಇದೇ ಅಂತ ನನ್ನ ಅಭಿಪ್ರಾಯ.

ಗಾರೆ ಮೇಸ್ತ್ರಿ

ಬೂದಿ ಸಿಮೆಂಟು ಗಟ್ಟಿ ಬರಲ್ಲ ಅಂತ ಮನೆ ಕಟ್ಟಿಸುವವರು ತಕರಾರು ಮಾಡುತ್ತಾರೆ. ನನ್ನ ಕೈಯಲ್ಲಿ ಕಂಡದ್ದು ಬೇರೆ. ಶುರುವಿನಲ್ಲಿ ನಿಧಾನ, ಆಮೇಲೆ ಗಟ್ಟಿ. ಕ್ಯೂರಿಂಗ್ ಸರಿಯಾಗಿ ಮಾಡಬೇಕು ಅಷ್ಟೇ. ಸಾದಾ ಸಿಮೆಂಟ್‌ಗೆ 7 ದಿನ ನೀರು ಅಂದರೆ ಇದಕ್ಕೆ 10 ದಿನಕ್ಕೆ ಕಮ್ಮಿ ಬೇಡ. ನಮ್ಮ ಬಿಸಿಲಿಗೆ 14 ದಿನ ಹಾಕಿದರೆ ಇನ್ನೂ ಒಳ್ಳೆಯದು. ಮೂರು ದಿನ ನೀರು ಹಾಕಿ ಬಿಟ್ಟು ಸಿಮೆಂಟ್ ಬೈದರೆ ಹೇಗೆ?

ತುಮಕೂರು ತೆಂಗು

ಮೇಸ್ತ್ರಿ, 53 ಗ್ರೇಡ್ ಸಾದಾ ಸಿಮೆಂಟ್ ಒಳ್ಳೇದಾ ಪಿಪಿಸಿನಾ? ಸ್ಲ್ಯಾಬ್ ಹಾಕಿಸಬೇಕು.

ಗಾರೆ ಮೇಸ್ತ್ರಿ

ಮನೆಗೆ ಪಿಪಿಸಿ ಸಾಕು. ಸೆಂಟ್ರಿಂಗ್ ಬೇಗ ಬಿಚ್ಚುವ ಅವಸರ ಬೇಡ. ಬಿರುಕು ಕಮ್ಮಿ.

ಎಂಎಸ್ಸಿ ಪರಿಸರ

ವಿಷಯಕ್ಕೆ ಬನ್ನಿ ಎಲ್ಲರೂ. ನೀರಿನ ಬಗ್ಗೆ ಯಾರೂ ಮಾತಾಡಿಲ್ಲ. ಬಿಸಿ ಗಾಳಿಯಿಂದ ಕರೆಂಟು ಮಾಡುವಾಗ ಹಬೆಯನ್ನು ಮತ್ತೆ ನೀರಾಗಿಸಬೇಕು. ಅದಕ್ಕೆ ನೀರಿನ ಕೂಲಿಂಗ್ ಟವರ್ ಹಾಕುತ್ತಾರಾ, ಗಾಳಿಯಿಂದ ತಣಿಸುವ ಕಂಡೆನ್ಸರ್ ಹಾಕುತ್ತಾರಾ? ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತುವ ಕಡೆ ಇದು ಜೀವ ಹೋಗುವ ಪ್ರಶ್ನೆ. ಗಾಳಿ ಕಂಡೆನ್ಸರ್‌ನಲ್ಲಿ ಕರೆಂಟು ಸ್ವಲ್ಪ ಕಮ್ಮಿ ಸಿಗಬಹುದು, ಆದರೆ ನೀರು ಉಳಿಯುತ್ತದೆ. ಗಣಿ ಗುಂಡಿಯಲ್ಲಿ ನಿಲ್ಲುವ ಮಳೆ ನೀರು ಬಳಸಲಿ, ಅಂತರ್ಜಲ ಮುಟ್ಟಬಾರದು.

ಕಿಲ್ನ್ ಲೆಕ್ಕ

ಒಳ್ಳೇ ಪ್ರಶ್ನೆ. ಆ ಘಟಕದಿಂದ ಕಾರ್ಖಾನೆಯ ಕರೆಂಟಿನಲ್ಲಿ 20–30 ಶೇಕಡಾ ಸಿಗಬಹುದು. ಆದರೆ ಕ್ರಮ ಮುಖ್ಯ. ಮೊದಲು ಸೋರಿಕೆ ಮುಚ್ಚಬೇಕು. ಹಳೇ ಪ್ರಿಹೀಟರ್‌ನಲ್ಲಿ ಸೀಲು ಹೋಗಿ ಹೊರಗಿನ ತಣ್ಣನೆ ಗಾಳಿ ಒಳಗೆ ನುಗ್ಗುತ್ತಿರುತ್ತದೆ. ಅದನ್ನು ಬಿಸಿ ಮಾಡಲು ಕಲ್ಲಿದ್ದಲು, ಎಳೆಯಲು ಫ್ಯಾನಿನ ಕರೆಂಟು, ಎರಡೂ ನಷ್ಟ. ಹಳೇ ಫ್ಯಾನುಗಳು ಪೂರ್ತಿ ವೇಗದಲ್ಲಿ ತಿರುಗುತ್ತಿರುತ್ತವೆ, ಡ್ಯಾಂಪರ್ ಅರ್ಧ ಮುಚ್ಚಿ ಗಾಳಿ ತಡೆಯುತ್ತಾರೆ. ವೇಗವನ್ನೇ ಬದಲಿಸುವ ವಿಎಫ್‌ಡಿ ಹಾಕಿದರೆ ಹಾಕಿದ ದುಡ್ಡು ಬೇಗ ವಾಪಸ್. ಇಂಥ ಸಣ್ಣ ಕೆಲಸ ಬಿಟ್ಟು ದೊಡ್ಡ ಯಂತ್ರಕ್ಕೆ ಹೋಗುವುದನ್ನು ಎಷ್ಟೋ ಕಡೆ ನೋಡಿದ್ದೇನೆ.

ಶಹಾಬಾದ್ ಪರಸಿ

ಹಳೇ ಯಂತ್ರಗಳು ಮುಂದೆ ಏನಾಗುತ್ತವೆ ಅಂತಲೂ ಕೇಳಿ. ಹೊಸವು ಬಂದಮೇಲೆ ಹಳೆಯವನ್ನೂ "ಬೇಡಿಕೆ ಇದೆ" ಅಂತ ನಡೆಸಿದರೆ?

ಪಕ್ಕಾ ಲೆಕ್ಕ

ಹೌದು! ಹಳೇ ಇಎಸ್‌ಪಿ, ಹಳೇ ಮಿಲ್ ಯಾವ ತಾರೀಖಿನೊಳಗೆ ತೆಗೆಯುತ್ತಾರೆ ಅಂತ ಷರತ್ತಿನಲ್ಲಿ ಬರಬೇಕು. ಮೊದಲು ಬ್ಯಾಗ್ ಫಿಲ್ಟರ್ ನಡೆಯಲಿ, ಆಮೇಲೆ ಉತ್ಪಾದನೆ ಏರಲಿ. ಈ ಕ್ರಮ ತಿರುಗಾಮುರುಗಾ ಆದರೆ ಊರಿಗೆ ಸಿಗುವುದು ಜಾಸ್ತಿ ಸಿಮೆಂಟು, ಅದೇ ಧೂಳು.

ಬೇವಿನ ಕಟ್ಟೆ

ಎಲ್ಲರಿಗೂ ನಮಸ್ಕಾರ. ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಪಂಚಾಯಿತಿ ಸದಸ್ಯರ ಜೊತೆ ಕೂತು ಬರೆಯುತ್ತಿದ್ದೇನೆ. ಹಿರಿಯರಿಗೂ ಓದಿ ಹೇಳಿದೆ. ಬ್ಯಾಗ್ ಫಿಲ್ಟರ್ ಮೊದಲು, ಉತ್ಪಾದನೆ ಆಮೇಲೆ ಅನ್ನುವ ಮಾತಿಗೆ ಎರಡೂ ಗುಂಪು ಒಪ್ಪಿದೆ. ಕ್ಲಿಂಕರ್ ಎಷ್ಟು, ಸಿಮೆಂಟ್ ಎಷ್ಟು ಅಂತ ಸಾರಾಂಶದಲ್ಲಿ ಬಿಡಿಸಿ ಹೇಳಿಲ್ಲ, ಈಗ ಗಮನಿಸಿದೆ. ಸಭೆಯಲ್ಲಿ ಮಾತಾಡಲು ಮೂರು ಜನ ತಯಾರಿದ್ದಾರೆ.

ಎಂಎಸ್ಸಿ ಪರಿಸರ

ಬರೀ ಮಾತಾಡಬೇಡಿ. ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಭೆಯ ವಿಡಿಯೋ ಆಗಲೇಬೇಕು. ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಎಲ್ಲರೆದುರು ಓದಿ, ಅದೇ ದಿನ ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಬಂದವರು ಸಹಿ ಹಾಕಬೇಕು ಅಂತ 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯಲ್ಲೇ ಇದೆ. ಓದುವ ತನಕ ಯಾರೂ ಎದ್ದು ಹೋಗಬೇಡಿ. ನಿಮ್ಮ ಮಾತು ಬಿಟ್ಟು ಹೋಗಿದ್ದರೆ ಅಲ್ಲೇ ಸೇರಿಸಿ. ಈ ಯೋಜನೆಯ ಪೂರ್ತಿ ಇಐಎ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ನೋಡಲು ಸಿಗುತ್ತದೆ. ಗಾಳಿಯ ದಿಕ್ಕು, ಧೂಳಿನ ಅಳತೆಯ ಪುಟಗಳನ್ನು ಮೊದಲು ನೋಡಿ.

ಕಿಲ್ನ್ ಲೆಕ್ಕ

ಒಪ್ಪಿಗೆ ಸಿಕ್ಕಮೇಲೂ ಬಿಡಬೇಡಿ. ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕಂಪನಿ ಷರತ್ತು ಪಾಲನೆಯ ವರದಿ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ಚಿಮಣಿಯ ಆನ್‌ಲೈನ್ ಮಾಪನ ಮಂಡಳಿಯ ಸರ್ವರ್‌ಗೆ ಹೋಗುತ್ತಿರುತ್ತದೆ. ಅದೇ ಅಂಕಿಯನ್ನು ಗೇಟಿನ ಹೊರಗೆ ಬೋರ್ಡಿನಲ್ಲಿ ತೋರಿಸಿ ಅಂತ ಕೇಳಿ. ಕರಡು ವರದಿ ಸಿಕ್ಕರೆ ಕಿಲ್ನ್ ಭಾಗದ ಪುಟಗಳ ಫೋಟೋ ಇಲ್ಲಿ ಹಾಕಿ, ನಾನು ಓದಿ ಹೇಳುತ್ತೇನೆ.

ಹತ್ತು ಗಾಲಿ

ಚಾಲಕರ ಶೌಚಾಲಯ ಪಟ್ಟಿಯಲ್ಲಿ ಇದೆಯಾ?

ಬೇವಿನ ಕಟ್ಟೆ

ಇದೆ ಅಣ್ಣಾ. ಪಾರ್ಕಿಂಗ್ ಯಾರ್ಡ್ ಜೊತೆಗೇ ಬರೆದಿದ್ದೇವೆ. ಕರಡು ವರದಿಗೆ ಸೋಮವಾರ ಡಿಸಿ ಆಫೀಸಿಗೆ ಹೋಗುತ್ತಿದ್ದೇವೆ, ಫೋಟೋ ಅಂದೇ ಹಾಕುತ್ತೇನೆ.